ಇಪ್ಪತ್ತು ಮುಖಗಳು ಮತ್ತು ಒಂದು ಅನುದಾನ

ನನ್ನದು ಬಹಳ ವ್ಯವಸ್ಥಿತವಾದ ಸ್ವಭಾವ. ಇದು ಜಂಬವಲ್ಲ, ದಾಖಲೆ ಇದೆ. ಪಿಯುಸಿಯಿಂದ ಇಲ್ಲಿಯವರೆಗೆ ಒಂಬತ್ತು ಡೈರಿಗಳನ್ನು ತುಂಬಿಸಿದ್ದೇನೆ. ಗ್ಯಾಸ್ ಸಿಲಿಂಡರ್ ಬಂದ ದಿನ, ಅದು ಮುಗಿದ ದಿನ, ಮಗಳು ಅನ್ವಿಗೆ ಮೊದಲ ಹಲ್ಲು ಬಂದ ದಿನ, ಮನೆ ಮಾಲೀಕರು ನೀರಿನ ಟ್ಯಾಂಕ್ ತೊಳೆಸಿದ ದಿನ (ಒಂದು), ತೊಳೆಸುತ್ತೇನೆಂದು ಮಾತು ಕೊಟ್ಟ ದಿನಗಳು (ಹದಿನಾಲ್ಕು), ಎಲ್ಲವೂ ಅವುಗಳಲ್ಲಿವೆ.

ಮದುವೆಯಾದ ಹೊಸದರಲ್ಲಿ ನನ್ನ ಗಂಡ ಮಂಜು ಒಂದು ಡೈರಿಯನ್ನು ತಿರುವಿ ಹಾಕುತ್ತಾ, “ನನಗಿಂತ ಮುಂಚೆ ಎಷ್ಟು ಜನ ನಿನ್ನ ನೋಡೋಕೆ ಬಂದಿದ್ರು ಅನ್ನೋ ಲೆಕ್ಕಾನೂ ಇದೆಯಾ ಇದ್ರಲ್ಲಿ?” ಎಂದು ನಕ್ಕರು.

“ಏಳು ಜನ. ಪುಟ ನಲವತ್ತೆರಡು. ನೀವು ಎಂಟನೆಯವರು. ನಿಮ್ಮ ಹೆಸರಿನ ಮುಂದೆ ‘ಪರವಾಗಿಲ್ಲ’ ಅಂತ ಬರೆದಿದ್ದೀನಿ.”

ಆಮೇಲೆ ಅವರು ನನ್ನ ಡೈರಿ ಮುಟ್ಟಿಲ್ಲ.

ಇಂಥ ನಾನು ಒಂದು ಸರ್ಕಾರಿ ಅನುದಾನವನ್ನು ಹೆಚ್ಚು ಕಡಿಮೆ ಮುಳುಗಿಸಿಯೇ ಬಿಟ್ಟಿದ್ದೆ. ಅದು ಹೇಗೆಂದು ದಿನವಾರು ದಾಖಲಿಸುವುದು ನನ್ನ ಕರ್ತವ್ಯ.

ನಾವಿರುವುದು ಕುಮಾರಸ್ವಾಮಿ ಲೇಔಟಿನಲ್ಲಿ. ನಮ್ಮ ರಸ್ತೆಯ ಕೊನೆಗೆ, ಹಿಟ್ಟಿನ ಗಿರಣಿಯ ಮಹಡಿಯ ಮೇಲೆ ಪದ್ಮಕ್ಕನ ಶಿಶುಪಾಲನಾ ಕೇಂದ್ರವಿದೆ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಇಪ್ಪತ್ತನಾಲ್ಕು ಮಕ್ಕಳು ಅಲ್ಲಿರುತ್ತವೆ. ಅಮ್ಮಂದಿರೆಲ್ಲ ಮನೆಗೆಲಸಕ್ಕೆ, ಗಾರ್ಮೆಂಟ್ಸಿಗೆ, ಅಂಗಡಿಗಳಿಗೆ ಹೋಗುವವರು. ಶನಿವಾರ ಮಧ್ಯಾಹ್ನ ಅಲ್ಲೇ ಅಮ್ಮಂದಿರ ಸಭೆ. ರೇಷನ್ ಕಾರ್ಡಿನ ಅರ್ಜಿ ತುಂಬುವುದರಿಂದ ಹಿಡಿದು, ಕುಡಿದು ಬರುವ ಗಂಡನಿಗೆ ಬುದ್ಧಿ ಹೇಳುವವರೆಗೆ ಎಲ್ಲವೂ ಆ ಸಭೆಯಲ್ಲಿ ನಡೆಯುತ್ತದೆ. ಪದ್ಮಕ್ಕನಿಂದ ಒಮ್ಮೆ ಬುದ್ಧಿ ಹೇಳಿಸಿಕೊಂಡ ಗಂಡಸು ಎರಡು ವಾರ ಆ ರಸ್ತೆಯಲ್ಲಿ ಓಡಾಡುವುದಿಲ್ಲ.

ಇಷ್ಟು ವರ್ಷ ಕೇಂದ್ರದ ಬಾಡಿಗೆ ಮತ್ತು ಮಕ್ಕಳ ಊಟ ನೋಡಿಕೊಳ್ಳುತ್ತಿದ್ದ ಒಂದು ಚಿಕ್ಕ ಟ್ರಸ್ಟು ಈ ವರ್ಷ ಕೈ ಎತ್ತಿತು. ಮೇ ತಿಂಗಳ ಕೊನೆಯವರೆಗೆ ಹೇಗೋ ತಳ್ಳಬಹುದು. ಆಮೇಲೆ ಬೀಗ.

ಬೀಗ ಬಿದ್ದರೆ ನನ್ನ ಕೆಲಸಕ್ಕೂ ಬೀಗ. ನಾನು ಜಯನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಅನ್ವಿಯನ್ನು ಪದ್ಮಕ್ಕನ ಬಳಿ ಬಿಟ್ಟರೆ ಮಾತ್ರ ಹತ್ತೂವರೆಗೆ ಅಂಗಡಿ ಸೇರಬಹುದು. ನನ್ನದಾದರೂ ಪರವಾಗಿಲ್ಲ, ಮಂಜು ಸಂಬಳದಲ್ಲಿ ಹೇಗೋ ನಡೆಯುತ್ತದೆ. ರೇಣುಕಾಳ ಕಥೆ ಹಾಗಲ್ಲ. ರಾಯಚೂರು ಕಡೆಯವಳು, ಒಬ್ಬಳೇ ಮಗನನ್ನು ಸಾಕುತ್ತಿದ್ದಾಳೆ, ಬಿಟಿಎಂ ಲೇಔಟಿನ ಒಂದು ಆಫೀಸಿನಲ್ಲಿ ಹೌಸ್‌ಕೀಪಿಂಗ್ ಕೆಲಸ.

“ಇದು ಮುಚ್ಚಿದ್ರ ನಾ ಕೆಲಸ ಬಿಡಬೇಕ್ರೀ ಅಕ್ಕಾ,” ಎಂದು ಅವಳು ಸಭೆಯಲ್ಲಿ ಹೇಳಿದ್ದಳು. “ಕೆಲಸ ಬಿಟ್ರ ಊರಿಗಿ ಹೋಗಬೇಕು. ಊರಾಗ ನಮ್ದೇನದರೀ? ಒಂದು ಬಾಗಲಾ, ಅದಕ್ಕೂ ಚಿಲಕಾ ಇಲ್ಲ.”

ಉಳಿದಿದ್ದ ದಾರಿ ಒಂದೇ, ಸರ್ಕಾರದ ಅನುದಾನ. ಬಾಡಿಗೆ, ಮಧ್ಯಾಹ್ನದ ಊಟ, ಇಬ್ಬರು ಸಹಾಯಕಿಯರ ಗೌರವಧನ, ಎಲ್ಲವೂ ಅದರಲ್ಲೇ ಬರುತ್ತದೆ. ಇಲಾಖೆಯ ಸೂಪರ್‌ವೈಸರ್ ಮೇಡಂ ಬಂದು ಕೇಂದ್ರ ನೋಡಿದರು, ಕಿಟಕಿ ಎಣಿಸಿದರು, ಶೌಚಾಲಯದ ನಲ್ಲಿ ತಿರುಗಿಸಿದರು, ಮೆಚ್ಚಿದರು. ಕೊನೆಗೆ ಪದ್ಮಕ್ಕನ ಕೈಗೆ ಒಂದು ಮೊಬೈಲ್ ಕೊಟ್ಟರು.

“ಇದ್ರಲ್ಲಿ ಹಾಜರಿ ಆಪ್ ಇದೆ. ಮೊದಲು ಒಂದು ಸಲ ಎಲ್ಲಾ ಮಕ್ಕಳ ಮೂಲ ಫೋಟೋ ತೆಗೀಬೇಕು. ಆಮೇಲೆ ದಿನಾ ಹತ್ತು ಗಂಟೆ ಒಳಗೆ ಮೊಬೈಲ್‌ನ ಮಕ್ಕಳ ಕಡೆ ಹಿಡಿದು ನಿಧಾನವಾಗಿ ತಿರುಗಿಸಿ. ಗುರುತು ಸಿಕ್ಕಿದ ಮುಖಕ್ಕೆ ಅದೇ ಹಸಿರು ಚೌಕ ಹಾಕಿ ಹಾಜರಿ ಬರ್ಕೊಳುತ್ತೆ. ಹನ್ನೆರಡು ಕೆಲಸದ ದಿನ ನೋಡ್ತೀವಿ. ಅದ್ರಲ್ಲಿ ಎಂಟು ದಿನ ಕನಿಷ್ಠ ಇಪ್ಪತ್ತು ಮುಖ ಬಂದ್ರೆ ಸಾಕು. ಮಿಕ್ಕಿದ್ದೆಲ್ಲ ಈ ಸುತ್ತೋಲೆಯಲ್ಲಿದೆ.”

ಪದ್ಮಕ್ಕ ಮೊಬೈಲನ್ನು ಬಿಸಿ ಪಾತ್ರೆಯಂತೆ ಹಿಡಿದುಕೊಂಡು ಸುತ್ತ ನೋಡಿದರು. “ನನಗೆ ಮಕ್ಕಳು ಬರುತ್ತೆ ಮೇಡಂ, ಇದು ಬರಲ್ಲ.”

ನಾನು ಕೈ ಎತ್ತಿದೆ. “ನಾನು ಮಾಡ್ತೀನಿ ಪದ್ಮಕ್ಕ. ಬರೀ ಫೋಟೋ ತಾನೇ!”

ಡೈರಿಯಲ್ಲಿ ಈ ವಾಕ್ಯದ ಕೆಳಗೆ ಈಗ ಕೆಂಪು ಗೆರೆ ಎಳೆದಿದ್ದೇನೆ.

ಮೂಲ ಫೋಟೋಗೆ ಶನಿವಾರ ನಿಗದಿಯಾಯಿತು. ಹಿಂದಿನ ಸಂಜೆಯೇ ಅಮ್ಮಂದಿರ ವಾಟ್ಸಾಪ್ ಗುಂಪಿಗೆ ಪ್ರಕಟಣೆ ಹಾಕಿದೆ: “ನಾಳೆ ಸರ್ಕಾರಿ ಫೋಟೋ. ಮಕ್ಕಳನ್ನು ಅಚ್ಚುಕಟ್ಟಾಗಿ ಕಳುಹಿಸಿ.” ಮೂರು ಸಲ ಓದಿ, ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡು ಕಳುಹಿಸಿದ್ದು. ತಪ್ಪು ನಿಜಕ್ಕೂ ಇರಲಿಲ್ಲ. ಅಚ್ಚುಕಟ್ಟು ಎಂದರೆ ಎಷ್ಟು ಎಂದು ಹೇಳಿರಲಿಲ್ಲ, ಅಷ್ಟೇ.

ಶನಿವಾರ ಬೆಳಿಗ್ಗೆ ಗಿರಣಿಯ ಮೆಟ್ಟಿಲು ಹತ್ತಿ ಬಂದದ್ದು ಮಕ್ಕಳಲ್ಲ, ಒಂದು ಮದುವೆ ದಿಬ್ಬಣ! ಜರಿ ಲಂಗ, ಬೈತಲೆಬೊಟ್ಟು, ತುಟಿಗೆ ಬಣ್ಣ, ಕೆನ್ನೆಗೆ ಗುಲಾಬಿ ಪುಡಿ, ಕಣ್ಣಿನಿಂದ ಕಿವಿಯವರೆಗೆ ಕಾಡಿಗೆ. ಪೌಡರು ಎಷ್ಟಿತ್ತೆಂದರೆ ಕೆಳಗಿನ ಗಿರಣಿಯಿಂದ ಎದ್ದ ಹಿಟ್ಟೋ ಎಂದು ಅನುಮಾನ ಬರುವಷ್ಟು. ದೀಕ್ಷಿತ್ ಎಂಬ ಮೂರು ವರ್ಷದ ಪೋರನನ್ನು ಅವನಮ್ಮ ರಾಜಕುಮಾರನನ್ನಾಗಿ ಮಾಡಿ, ಗುಂಗುರು ಕೂದಲು ಬಾಚಿ, ಕಾಡಿಗೆಯಲ್ಲಿ ದಪ್ಪ ಮೀಸೆ ಬರೆದು ಕಳುಹಿಸಿದ್ದಳು.

ನನಗೆ ಬಹಳ ಸಂತೋಷವಾಯಿತು. ಇಪ್ಪತ್ತನಾಲ್ಕು ಫೋಟೋ ತೆಗೆದೆ. ಒಂದೂ ಅಲುಗಿರಲಿಲ್ಲ.

ಮೊದಲ ದಿನ, ಸೋಮವಾರ. ಮಕ್ಕಳು ಎಂದಿನಂತೆ ಬಂದವು. ಮಾಸಿದ ಚಡ್ಡಿ, ಸುರಿಯುವ ಮೂಗು, ಬಾಯಿಯ ಸುತ್ತ ಬಿಸ್ಕತ್ತಿನ ಪುಡಿ. ನಾನು ಮೊಬೈಲನ್ನು ಗಂಭೀರವಾಗಿ ಎಡದಿಂದ ಬಲಕ್ಕೆ ತಿರುಗಿಸಿದೆ. ಆಪ್ ಮದುಮಕ್ಕಳನ್ನು ಹುಡುಕಿತು. ಸಿಗಲಿಲ್ಲ.

ಹಾಜರಿದ್ದವರು ಇಪ್ಪತ್ತನಾಲ್ಕು. ಆಪ್ ಗುರುತಿಸಿದ್ದು ಮೂರು.

ಆ ಮೂವರಲ್ಲಿ ಒಬ್ಬಳು ಅನ್ವಿ. ಶನಿವಾರ ಫೋಟೋದ ಗಡಿಬಿಡಿಯಲ್ಲಿ ನನ್ನ ಮಗಳಿಗೇ ಅಲಂಕಾರ ಮಾಡುವುದನ್ನು ನಾನು ಮರೆತಿದ್ದೆ.

ಸುತ್ತೋಲೆ ತೆರೆದೆ. ಮೂಲ ಫೋಟೋ ಬದಲಿಸಬೇಕಾದರೆ ಅರ್ಜಿ ಕೊಡಬೇಕು, ಅದು ಜಿಲ್ಲಾ ಕಚೇರಿಗೆ ಹೋಗಿ ಬರಲು ಒಂದು ತಿಂಗಳು. ಇಷ್ಟನ್ನು ಓದಿ ಸುತ್ತೋಲೆ ಮಡಚಿಟ್ಟೆ. ಪರಿಹಾರ ಆಗಲೇ ಹೊಳೆದಿತ್ತು. ಫೋಟೋವನ್ನು ಮಕ್ಕಳಿಗೆ ತಕ್ಕಂತೆ ಬದಲಿಸಲು ಆಗದಿದ್ದರೆ, ಮಕ್ಕಳನ್ನು ಫೋಟೋಗೆ ತಕ್ಕಂತೆ ಬದಲಿಸುವುದು!

“ಅಂದ್ರೆ ದಿನಾ ಮೇಕಪ್ಪಾ?” ಎಂದರು ಮಂಜು.

“ಹನ್ನೊಂದೇ ದಿನ ಕಣ್ರೀ.”

“ನಮ್ಮ ಮದುವೆಗೆ ನಿನಗೇ ಮೂರು ಗಂಟೆ ಹಿಡೀತು. ಇಪ್ಪತ್ನಾಲ್ಕು ಮಕ್ಕಳಿಗೆ?”

ಈ ಲೆಕ್ಕವನ್ನು ನಾನು ಮಾಡಿರಲಿಲ್ಲ. ಆದರೆ ಒಪ್ಪಿಕೊಳ್ಳಲಿಲ್ಲ.

ಎರಡನೇ ದಿನದಿಂದ ನಾನು ಬೆಳಿಗ್ಗೆ ಏಳೂವರೆಗೇ ಕೇಂದ್ರಕ್ಕೆ ಹಾಜರು. ಇಪ್ಪತ್ತನಾಲ್ಕು ಮೂಲ ಫೋಟೋಗಳನ್ನು ಮುದ್ರಿಸಿ ಗೋಡೆಗೆ ಅಂಟಿಸಿದೆ. ಅಮ್ಮಂದಿರು ಅದನ್ನು ನೋಡಿಕೊಂಡು ಮಕ್ಕಳನ್ನು ಸಿಂಗರಿಸಿ ಕೆಲಸಕ್ಕೆ ಓಡುವುದು, ಉಳಿದದ್ದನ್ನು ನಾನು ಮುಗಿಸುವುದು. ಪದ್ಮಕ್ಕ ಬಾಗಿಲಲ್ಲಿ ನಿಂತು, “ಇದೇನು ಶ್ರುತಿ, ನಾನು ನಡೆಸ್ತಿರೋದು ಬಾಲವಾಡಿನಾ, ನಾಟಕದ ಕಂಪನಿನಾ?” ಎಂದರು.

ಆಪ್ ಹನ್ನೊಂದು ಮುಖ ಗುರುತಿಸಿತು. ಪ್ರಗತಿ! ಆದರೆ ಉಳಿದ ಹದಿಮೂರು? ಬಟ್ಟೆ ಅದೇ, ಬಣ್ಣ ಅದೇ, ಮಗು ಅದೇ. ಆ ಹದಿಮೂರು ಫೋಟೋಗಳನ್ನು ಕನ್ನಡಕದ ಅಂಗಡಿಯ ಭೂತಗನ್ನಡಿಯಲ್ಲಿ ಪರೀಕ್ಷಿಸಿದಾಗ ಕಳ್ಳ ಸಿಕ್ಕಿಬಿದ್ದ.

ದೃಷ್ಟಿಬೊಟ್ಟು!

ನಮ್ಮ ಕೇಂದ್ರದಲ್ಲಿ ಗೌರಮ್ಮಜ್ಜಿ ಎಂಬ ಹಿರಿಯರಿದ್ದಾರೆ. ಮೊಮ್ಮಗ ಕುಶಾಲನನ್ನು ಬಿಡಲು ಬಂದವರು ಸಂಜೆಯವರೆಗೂ ಅಲ್ಲೇ ಇರುತ್ತಾರೆ. ಬಾಗಿಲ ಬಳಿ ಕಾಡಿಗೆ ಡಬ್ಬಿ ಹಿಡಿದು ಕೂತು, ಒಳಗೆ ಬರುವ ಪ್ರತಿ ಮಗುವಿಗೂ ಒಂದು ಕಪ್ಪು ಬೊಟ್ಟಿಟ್ಟೇ ಬಿಡುವುದು ಅವರ ಪದ್ಧತಿ. ಶನಿವಾರ ಕುಶಾಲನಿಗೆ ಬಲಗೆನ್ನೆಯಲ್ಲಿದ್ದ ಬೊಟ್ಟು ಮಂಗಳವಾರ ಗದ್ದಕ್ಕೆ ಇಳಿದಿತ್ತು. ಇನ್ನೊಬ್ಬಳಿಗೆ ಹಣೆಯಿಂದ ಎಡಗೆನ್ನೆಗೆ ವರ್ಗವಾಗಿತ್ತು.

“ಅಜ್ಜಿ, ಬೊಟ್ಟು ದಿನಾ ಒಂದೇ ಕಡೆ ಇಡಬಾರದಾ?”

“ಅಯ್ಯೋ, ಕೆಟ್ಟ ದೃಷ್ಟಿ ಏನು ಅಡ್ರೆಸ್ ಕೇಳ್ಕೊಂಡು ಬತ್ತದಾ ಮಗಾ? ಎಲ್ಲಿ ಜಾಗ ಕಾಣ್ತದೋ ಅಲ್ಲಿಗೆ ಒಂದು ಒತ್ತದು.”

“ಹಾಗಾದ್ರೆ ಸ್ವಲ್ಪ ದಿನ ಬೊಟ್ಟೇ ಬೇಡ ಅಜ್ಜಿ.”

ಅಜ್ಜಿ ಡಬ್ಬಿಯ ಮುಚ್ಚಳವನ್ನು ಟಪ್ಪೆಂದು ಮುಚ್ಚಿದರು. “ಇಷ್ಟು ಚೆಂದ ಮಾಡ್ಬಿಟ್ಟು ಬೊಟ್ಟಿಲ್ದಂಗೆ ಕೂರಿಸ್ತೀಯಾ? ನಾಳೆ ಇಪ್ಪತ್ನಾಲ್ಕು ಮಕ್ಕಳೂ ಜ್ವರ ಬಂದು ಮಲಗಿದ್ರೆ ನೀನು ನೋಡ್ಕೊಂತೀಯಾ?”

ನೋಡಿಕೊಳ್ಳಲಾರೆ. ಅಲ್ಲದೆ, ಮೂಲ ಫೋಟೋದಲ್ಲೇ ಬೊಟ್ಟಿರುವಾಗ ಬೊಟ್ಟಿಲ್ಲದ ಮುಖವನ್ನು ಆಪ್ ಒಪ್ಪುವುದು ಅನುಮಾನ. ಹಾಗಾಗಿ ಆ ಸಂಜೆ ಕೂತು “ಬೊಟ್ಟಿನ ನಕ್ಷೆ” ತಯಾರಿಸಿದೆ. ನಾಲ್ಕು ಕಲಂ. ಮಗುವಿನ ಹೆಸರು, ಬೊಟ್ಟಿನ ಜಾಗ, ಮೂಗಿನಿಂದ ದೂರ, ಗಾತ್ರ. ಗಾತ್ರಕ್ಕೆ ಮೂರು ದರ್ಜೆ: ಸಾಸಿವೆ, ಉದ್ದಿನಕಾಳು, ಕಡಲೆಕಾಳು. ಎರಡು ಕಣ್ಣುಗಳ ನಡುವಿನ ಅಂತರ ಅಳೆಯುವ ಚಿಕ್ಕ ಸ್ಕೇಲೊಂದು ನಮ್ಮ ಅಂಗಡಿಯಲ್ಲಿರುತ್ತದೆ. ಅದನ್ನು ಮಾಲೀಕರಿಗೆ ಹೇಳಿಯೇ ತಂದು ಅಜ್ಜಿಯ ಕೈಗೆ ಕೊಟ್ಟೆ.

“ಇದ್ಯಾಕೆ?”

“ಕುಶಾಲ್‌ಗೆ ಬಲಗೆನ್ನೆ, ಮೂಗಿಂದ ಇಪ್ಪತ್ತೆರಡು ಮಿಲಿಮೀಟರ್, ಉದ್ದಿನಕಾಳು ಗಾತ್ರ. ಅಳೆದು ಇಡಿ ಅಜ್ಜಿ.”

ಅಜ್ಜಿ ಸ್ಕೇಲನ್ನು ಪಕ್ಕಕ್ಕಿಟ್ಟರು. ನಂತರ ನನ್ನ ಹಣೆಗೂ ಒಂದು ಬೊಟ್ಟಿಟ್ಟರು. ಕಡಲೆಕಾಳಿನ ಗಾತ್ರ.

ಮೂರನೇ ದಿನ ಹದಿನಾರು. ನಾಲ್ಕನೇ ದಿನ ಹತ್ತೊಂಬತ್ತು! ಒಂದೇ ಒಂದು ಮುಖಕ್ಕೆ ತಪ್ಪಿತು. ಉಳಿದ ಎಂಟು ದಿನಗಳಲ್ಲಿ ಎಂಟೂ ದಿನ ಇಪ್ಪತ್ತು ಬರಲೇಬೇಕು. ಒಂದು ದಿನ ತಪ್ಪಿದರೂ ಅನುದಾನವಿಲ್ಲ. ಐದನೇ ದಿನ ಇಪ್ಪತ್ತೊಂದು! ಪದ್ಮಕ್ಕ ಚಪ್ಪಾಳೆ ತಟ್ಟಿದರು, ಮಕ್ಕಳು ಯಾಕೆಂದು ತಿಳಿಯದೆ ತಟ್ಟಿದವು. ಆರನೇ ದಿನ, ಶನಿವಾರ, ಇಪ್ಪತ್ತೆರಡು.

ಮಧ್ಯಾಹ್ನದ ಅಮ್ಮಂದಿರ ಸಭೆಯಲ್ಲಿ ನಾನು ಎದ್ದು ನಿಂತೆ. ಅಂಕಿಗಳನ್ನು ಬೋರ್ಡಿನ ಮೇಲೆ ಬರೆದೆ. ಗೆದ್ದ ದಿನಗಳು ಎರಡು, ಬೇಕಾದವು ಇನ್ನೂ ಆರು, ಉಳಿದಿರುವುದೂ ಆರು. ಭಾಷಣದ ಹುರುಪಿನಲ್ಲಿ ಕೊನೆಗೆ ಒಂದು ವಾಕ್ಯ ಸೇರಿಸಿದೆ: “ನಮ್ಮ ಕೈಲಾಗೋದನ್ನೆಲ್ಲ ಮಾಡಿದ್ದೀವಿ. ಇನ್ನು ದೇವರಿಗೆ ಬಿಟ್ಟಿದ್ದು.”

ನಾನು ಮಾತಿಗೆ ಹೇಳಿದ್ದು. ಅವರು ಸೂಚನೆ ಎಂದುಕೊಂಡರು.

ಭಾನುವಾರ ಸಂಜೆ ನಾಲ್ಕೂವರೆಗೆ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಮಾದಪ್ಪನ ಬೆಟ್ಟ. ಹಿಂದೆ ಗೋಪುರ, ಮುಂದೆ ರೇಣುಕಾ ಮತ್ತಿತರ ಅಮ್ಮಂದಿರು, ಅವರ ಮುಂದೆ ಸಾಲಾಗಿ ಎಂಟು ಮಕ್ಕಳು. ಎಂಟೂ ತಲೆಗಳು ನುಣ್ಣಗೆ ಬೋಳಾಗಿ, ಗಂಧ ಬಳಿಸಿಕೊಂಡು, ಬಿಸಿಲಿಗೆ ಹೊಳೆಯುತ್ತಿದ್ದವು!

ಕೂಡಲೇ ರೇಣುಕಾಳಿಗೆ ಫೋನ್ ಮಾಡಿದೆ.

“ಇದೇನ್ರೀ ರೇಣುಕಾ?”

“ಮುಡಿ ಕೊಟ್ವಿರೀ ಅಕ್ಕಾ!” ಹಿಂದಿನಿಂದ ಟೆಂಪೋ ಹಾರ್ನು, ಮಕ್ಕಳ ಅಳು. “ನೀವ ಹೇಳಿದ್ರೆಲ್ಲಾ, ದೇವರಿಗಿ ಬಿಟ್ಟದ್ದು ಅಂತ. ಎಂಟು ಮಂದಿ ಸೇರಿ ಟೆಂಪೋ ಮಾಡಿಕೊಂಡು ನಸಿಕಿನ್ಯಾಗ ಹೊಂಟ್ವಿ. ನಮ್ಮ ಕಡೀ ದೇವರು ಭಾಳ ದೂರಾತ್ರೀ, ಅದಕ್ಕ ಇಲ್ಲಿ ದೇವರಿಗೇ ಕೊಟ್ವಿ.”

“ಹರಕೆ ತೀರಿಸೋದು ಕೆಲಸ ಆದ್ಮೇಲೆ ಅಲ್ವೇನ್ರೀ!”

“ಮೊದಲ ಕೊಟ್ರ ದೇವರಿಗಿ ನೆನಪಿರ್ತದರೀ.”

ಇಪ್ಪತ್ತನಾಲ್ಕರಲ್ಲಿ ಎಂಟು ಕಳೆದರೆ ಹದಿನಾರು. ಅನುದಾನ ಉಳಿಯಲೆಂದು ದೇವರಿಗೆ ಕೊಟ್ಟ ಕೂದಲಿನಿಂದಲೇ ಅನುದಾನ ಹೋಗುವ ಹಾಗಾಯಿತು. ಆದರೆ ವ್ಯವಸ್ಥಿತ ಮನಸ್ಸು ಸುಲಭಕ್ಕೆ ಸೋಲುವುದಿಲ್ಲ.

“ರೀ, ಜಯನಗರದಲ್ಲಿ ನಾಟಕದ ಬಟ್ಟೆ ಬಾಡಿಗೆಗೆ ಕೊಡೋ ಅಂಗಡಿ ಇದೆಯಲ್ಲ, ಬೇಗ ಹೋಗಿ ಎಂಟು ವಿಗ್ ತನ್ನಿ.”

ಮಂಜು ನನ್ನ ಮುಖ ನೋಡಿ ಗಾಡಿ ಕೀ ತೆಗೆದುಕೊಂಡರು. ಒಂದೂವರೆ ಗಂಟೆಯ ನಂತರ ದೊಡ್ಡ ಚೀಲ ಹೊತ್ತು ಬಂದರು.

“ಅಂಗಡಿಯವನು ‘ಯಾವ ನಾಟಕ ಸಾರ್?’ ಅಂದ. ಸರ್ಕಾರಿ ಯೋಜನೆ ಅಂದೆ. ಸುಮ್ಮನೆ ಕೊಟ್ಟುಬಿಟ್ಟ.”

ಚೀಲ ಸುರಿದೆ. ಮಕ್ಕಳ ವಿಗ್ಗುಗಳು ಮೂರೇ ಸಿಕ್ಕಿದ್ದವಂತೆ. ಉಳಿದವುಗಳಲ್ಲಿ ಮೂರು ಋಷಿಗಳ ಜಟೆ, ಒಂದು ರಾಕ್ಷಸನ ಕೆಂಪು ಕೂದಲು, ಒಂದು ರಾಜನ ಗುಂಗುರು ಕೂದಲು.

ಏಳನೇ ದಿನ, ಸೋಮವಾರ. ಮಂಜುವಿಗೆ ವಾರದ ರಜೆ, ಹಾಗಾಗಿ ಅವರನ್ನೂ ಎಳೆದುಕೊಂಡು ಹೋದೆ. ಬೋಳು ತಲೆಯ ಎಂಟು ಜನರಲ್ಲಿ ಏಳೇ ಮಂದಿ ಬಂದಿದ್ದರು. ದೀಕ್ಷಿತ್‌ಗೆ ಬೆಟ್ಟದ ತಣ್ಣೀರು ಸ್ನಾನಕ್ಕೆ ಶೀತವಾಗಿ ಮನೆಯಲ್ಲೇ ಮಲಗಿದ್ದ. ರೇಣುಕಾ ಮಾತ್ರ, ತಾನೇ ಮಾಡಿದ ಎಡವಟ್ಟೆಂದು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಸಹಾಯಕ್ಕೆ ನಿಂತಿದ್ದಳು. ಅವಳ ಮಗ ಬಸು ವಿಗ್ ನೋಡಿದ್ದೇ, ಯಾವುದೋ ಪ್ರಾಣಿ ಎಂದು ಕಿರುಚಿ ಕಪಾಟಿನ ಹಿಂದೆ ಸೇರಿದ.

“ನೋಡೋ ಪುಟ್ಟಾ, ಏನೂ ಮಾಡಲ್ಲ ಇದು,” ಎಂದು ಮಂಜು ರಾಜನ ಗುಂಗುರು ಕೂದಲನ್ನು ತಾವೇ ಹಾಕಿಕೊಂಡು, ಮೀಸೆ ತಿರುವಿ, ಮಕ್ಕಳ ನಡುವೆ ಚಕ್ಕಳಮಕ್ಕಳ ಕೂತರು. ಬಸು ಇಣುಕಿದ, ನಕ್ಕ, ಋಷಿಯಾಗಲು ಒಪ್ಪಿದ. ಗಂಟೆ ಒಂಬತ್ತು ಐವತ್ತೆರಡು. ನಾನು ಮೊಬೈಲ್ ಎತ್ತಿ ತಿರುಗಿಸತೊಡಗಿದೆ. ಹದಿನಾರು. ಹದಿನೇಳು. ಹದಿನೆಂಟು. ಹತ್ತೊಂಬತ್ತು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಹತ್ತೊಂಬತ್ತೇ. ಇನ್ನೊಂದು ಮುಖ ಬೇಕು. ಯಾವುದಾದರೂ ಒಂದು ಮುಖ, ದೇವರೇ!

ಟಿಣ್ ಎಂದಿತು. ಇಪ್ಪತ್ತು!

“ಬಂತು! ಇಪ್ಪತ್ತು ಬಂತು!” ಎಂದು ಕುಣಿದು ತಿರುಗಿದೆ. ಬಾಗಿಲಲ್ಲಿ ಸೂಪರ್‌ವೈಸರ್ ಮೇಡಂ ನಿಂತಿದ್ದರು.

ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರ ದೃಷ್ಟಿ ಜರಿ ಲಂಗಗಳ ಮೇಲೆ, ಋಷಿಗಳ ಮೇಲೆ, ಕೆಂಪು ಕೂದಲಿನ ರಾಕ್ಷಸಿಯ ಮೇಲೆ (ಅವಳು ಹೆಬ್ಬೆರಳು ಚೀಪುತ್ತಿದ್ದಳು), ಸ್ಕೇಲು ಹಿಡಿದ ಅಜ್ಜಿಯ ಮೇಲೆ ನಿಧಾನವಾಗಿ ಹರಿಯಿತು. ಕೈ ಚಾಚಿ ಮೊಬೈಲ್ ತೆಗೆದುಕೊಂಡರು. ಪಟ್ಟಿ ನೋಡಿದರು.

“ದೀಕ್ಷಿತ್ ಯಾರು?”

“ಅವನು ಇವತ್ತು ಬಂದಿಲ್ಲ ಮೇಡಂ, ಶೀತ,” ಎಂದರು ಪದ್ಮಕ್ಕ, ಪಾಪ, ಸತ್ಯವಂತೆ.

“ಇಲ್ಲಿ ಪ್ರೆಸೆಂಟ್ ಅಂತ ತೋರಿಸ್ತಿದೆ. ಈಗ ತಾನೇ ಬಂದ ಇಪ್ಪತ್ತನೇ ಮುಖ. ವಯಸ್ಸು ಮೂರು ವರ್ಷ ಎರಡು ತಿಂಗಳು.” ಫೋಟೋ ದೊಡ್ಡದು ಮಾಡಿ ನೋಡಿದರು. “ಮಗುಗೆ ಸ್ವಲ್ಪ ಬೇಗನೇ ಮೀಸೆ ಬಂದಿದೆ, ಅಲ್ವಾ?”

ಮಂಜು ಕೂತಲ್ಲಿಂದಲೇ ವಿಗ್ ತೆಗೆದರು. “ನಮಸ್ಕಾರ ಮೇಡಂ.”

ಮೇಡಂ ಕುರ್ಚಿ ಎಳೆದುಕೊಂಡು ಕೂತರು. “ನಾನು ಇವತ್ತು ಬಂದಿದ್ದೇ ಅನುಮಾನ ಬಂದು. ಮಕ್ಕಳಿರೋ ಕಡೆ ಒಂದು ದಿನ ಜ್ವರ, ಒಂದು ದಿನ ಹಬ್ಬ. ಸಂಖ್ಯೆ ಏರುತ್ತೆ, ಇಳಿಯುತ್ತೆ. ನಿಮ್ಮದು ಮೆಟ್ಟಿಲು ಹತ್ತಿದ ಹಾಗೆ ಹತ್ತಿದೆ. ಮೂರು, ಹನ್ನೊಂದು, ಹದಿನಾರು, ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಸುಳ್ಳು ಹಾಜರಿ ಬರೆಯೋರ ಲೆಕ್ಕ ಮಾತ್ರ ಇಷ್ಟು ನೀಟಾಗಿರುತ್ತೆ. ಈಗ ನೋಡಿದ್ರೆ ದೊಡ್ಡವರನ್ನೇ ಮಕ್ಕಳು ಮಾಡಿ ಕೂರಿಸಿದ್ದೀರಿ! ನಾನು ಹೀಗಂತ ಒಂದು ಸಾಲು ಬರೆದ್ರೆ ಈ ಸೆಂಟರ್ ಲಿಸ್ಟಿಂದ ಹೊರಗೆ.”

ಪದ್ಮಕ್ಕ ಗೋಡೆಗೆ ಒರಗಿದರು. ರೇಣುಕಾ ಬಸುವನ್ನು ಎತ್ತಿಕೊಂಡಳು, ಈಗಲೇ ಯಾರೋ ಕಿತ್ತುಕೊಳ್ಳುತ್ತಾರೆ ಎಂಬಂತೆ. ನಾನು ಡೈರಿಯನ್ನು ಚೀಲದಿಂದ ತೆಗೆದು ಅವರ ಮುಂದೆ ಇಟ್ಟೆ. ಇಪ್ಪತ್ತೇಳು ವರ್ಷದ ಬದುಕಿನಲ್ಲಿ ನನ್ನ ಬಳಿ ಇದ್ದ ಸಾಕ್ಷಿ ಅದೊಂದೇ.

ಮೇಡಂ ಓದತೊಡಗಿದರು. ಮೊದಲ ದಿನದಿಂದ ಎಲ್ಲವೂ ಇತ್ತು. ನಿಜವಾಗಿ ಬಂದ ಮಕ್ಕಳು, ಆಪ್ ಕಂಡ ಮಕ್ಕಳು, ಎರಡರ ವ್ಯತ್ಯಾಸ, ಕಾರಣ.

“‘ಕುಶಾಲ್: ಬಲಗೆನ್ನೆ, ಮೂಗಿನಿಂದ ಇಪ್ಪತ್ತೆರಡು ಮಿಲಿಮೀಟರ್, ಗಾತ್ರ ಉದ್ದಿನಕಾಳು.’ ಏನಿದು?”

“ದೃಷ್ಟಿಬೊಟ್ಟು ಮೇಡಂ.”

ಮೇಡಂ ಅಜ್ಜಿಯ ಕಡೆ ತಿರುಗಿದರು. “ಇದೆಲ್ಲ ನಿಜಾನಾ ಅಜ್ಜಿ?”

“ನಿಜ ಕಣವ್ವ. ಎಪ್ಪತ್ತು ವರ್ಷಕ್ಕೆ ನನ್ನ ಕೈಗೆ ಸ್ಕೇಲು ಕೊಟ್ಟವಳೆ ಈ ಹುಡುಗಿ. ಇಸ್ಕೂಲಿಗೆ ಹೋಗ್ದೇ ಇದ್ದಿದ್ದಕ್ಕೆ ಈಗ ಅನುಭವಿಸ್ತಾ ಇವ್ನಿ.”

ಮೇಡಂ ತಲೆ ತಗ್ಗಿಸಿ ಇನ್ನೊಂದು ಪುಟ ತಿರುವಿದರು. ಅವರ ಭುಜಗಳು ಅಲುಗುತ್ತಿದ್ದವು. ಕೋಪಕ್ಕೆ ಎಂದುಕೊಂಡೆ. ನಂತರ ಸೆರಗಿನಲ್ಲಿ ಕಣ್ಣೊರೆಸಿಕೊಂಡಾಗ ನಗುತ್ತಿದ್ದಾರೆಂದು ತಿಳಿಯಿತು. ಆದರೂ ಅಧಿಕಾರಿ ಅಧಿಕಾರಿಯೇ. “ಡೈರಿ ಯಾರು ಬೇಕಾದ್ರೂ ಬರೀಬಹುದು. ಮಕ್ಕಳು ನಿಜವಾಗಿ ಇದ್ದಾರಾ ಅಂತ ನಾನು ಹೇಗೆ ನಂಬಲಿ? ಒಬ್ಬರ ಮುಖಾನೂ ನೆಟ್ಟಗಿಲ್ಲ.”

ಆಗ ರೇಣುಕಾ ಬಾಯಿ ಬಿಟ್ಟಳು. “ಮೇಡಂರೀ, ಮುಖ ನಾವ ಕೆಡಿಸೀವಿ, ಅದನ್ನ ನಂಬಬ್ಯಾಡ್ರಿ. ಹೊಟ್ಟಿ ನೋಡ್ರಿ. ಉಪ್ಪಿಟ್ಟು ಬಡಸ್ತೀವಿ, ಎಷ್ಟು ಮಂದಿ ತಾಟು ಹಿಡಕೊಂಡು ಬರ್ತಾರ ನೀವ ಎಣಸ್ರಿ.”

ಪದ್ಮಕ್ಕ ಅಡುಗೆಮನೆಯ ಬಾಗಿಲಿಗೆ ಹೋಗಿ ಒಂದೇ ಒಂದು ಪದ ಕೂಗಿದರು. “ಉಪ್ಪಿಟ್ಟು!”

ಜಟೆಗಳು ಹಾರಿದವು. ಋಷಿಗಳು ಓಡಿದರು. ಬೈತಲೆಬೊಟ್ಟುಗಳು ನೆಲಕ್ಕೆ ಬಿದ್ದವು. ನಾನು ಎರಡು ಗಂಟೆ ಕಷ್ಟಪಟ್ಟು ಬಳಿದ ಬಣ್ಣವೆಲ್ಲ ಎರಡು ನಿಮಿಷದಲ್ಲಿ ಉಪ್ಪಿಟ್ಟಿನ ಜೊತೆ ಸೇರಿಹೋಯಿತು. ಮೇಡಂ ಬೆರಳು ಚಾಚಿ ಒಂದೊಂದೇ ಮಗುವನ್ನು ಎಣಿಸಿದರು. ನಡುವೆ ಒಮ್ಮೆ ತಡೆದು, “ಇವನನ್ನ ಆಗಲೇ ಎಣಿಸಿದೆ, ಆಗ ಗದ್ದದವರೆಗೂ ಕೂದಲಿತ್ತು,” ಎಂದು ತಿದ್ದಿಕೊಂಡರು.

“ಇಪ್ಪತ್ಮೂರು.”

“ಬಂದಾಗಲೇ ಕೇಳಿದ್ರೆ ನಾನೇ ಹೇಳ್ತಿದ್ದೆ,” ಎಂದರು ಅಜ್ಜಿ. “ಇವತ್ತು ಇಪ್ಪತ್ಮೂರು ಬೊಟ್ಟು ಇಟ್ಟಿವ್ನಿ. ನನ್ನನ್ನ ಯಾರು ಕೇಳ್ತಾರೆ?”

ಮೇಡಂ ತಮ್ಮ ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ನಂತರ ನನ್ನ ಕಡೆ ತಿರುಗಿದರು. “ಸುತ್ತೋಲೆಯ ಕೊನೇ ಪುಟ ಓದಿದ್ರಾ?”

ನಾನು ಓದಿ ಮಡಚಿಟ್ಟಿದ್ದು ಅದರ ಹಿಂದಿನ ಪುಟದವರೆಗೆ.

“ಮೂರು ದಿನ ಹತ್ತಕ್ಕಿಂತ ಕಡಿಮೆ ಮುಖ ಬಂದ್ರೆ ನಾವೇ ಬಂದು ತಲೆ ಎಣಿಸಬೇಕು, ಅಲ್ಲಿಂದ ಮುಂದೆ ಕೈಬರಹದ ಹಾಜರಿ, ಅಮ್ಮಂದಿರ ಸಹಿ. ಚಿಕ್ಕ ಮಕ್ಕಳ ಮುಖ ಆಪ್‌ಗೆ ಸರಿಯಾಗಿ ಸಿಗಲ್ಲ ಅಂತ ಎಲ್ಲರಿಗೂ ಗೊತ್ತು. ಯಡಿಯೂರು ಕಡೆ ಒಂದು ಸೆಂಟರ್‌ನಲ್ಲಿ ಏನೂ ಮಾಡಲಿಲ್ಲ. ಮೂರು ದಿನ ಸೊನ್ನೆ ಬಂತು. ನಾಲ್ಕನೇ ದಿನ ನಾನು ಹೋಗಿ ಎಣಿಸಿ ಬಂದೆ. ಅವರದು ಮುಗೀತು. ನೀವೂ ಸುಮ್ಮನೆ ಕೂತಿದ್ರೆ ಗುರುವಾರವೇ ಬಂದಿರ್ತಿದ್ದೆ.”

ಮಂಜು ಕೆಮ್ಮಿದರು. ನಾನು ಅವರ ಕಡೆ ನೋಡಲಿಲ್ಲ.

“ಈಗಲಾದ್ರೂ ನಾನೇ ಬಂದು ತಲೆ ಎಣಿಸಿ ಆಯ್ತು, ಇವತ್ತಿನದೂ ಸೇರಿ ಉಳಿದ ಆರು ದಿನ ಕೈಬರಹದಲ್ಲಿ ತಗೊಳ್ಳಿ. ಇನ್ನೂ ಅವಕಾಶ ಇದೆ.” ಮೇಡಂ ಮೆಟ್ಟಿಲವರೆಗೆ ಹೋಗಿ ನಿಂತರು. “ಒಂದೇ ಷರತ್ತು. ಹಾಜರಿ ಇವರು ತಗೊಳ್ಳೋದು ಬೇಡ. ಅಜ್ಜಿ ಎಣಿಸಲಿ, ಪದ್ಮಕ್ಕ ಬರೀಲಿ.”

ಆರು ದಿನವೂ ಅಜ್ಜಿ ಬಾಗಿಲಲ್ಲಿ ಕೂತು ತಮಗೆ ಬೇಕಾದ ಕಡೆ ಬೊಟ್ಟಿಟ್ಟು ಎಣಿಸಿದರು. ಒಂದು ದಿನವೂ ಇಪ್ಪತ್ತಕ್ಕಿಂತ ಕೆಳಗೆ ಇಳಿಯಲಿಲ್ಲ. ಮೇ ಮುಗಿಯುವ ಮೊದಲೇ ಮಂಜೂರಾತಿ ಪತ್ರ ಬಂತು. ಪದ್ಮಕ್ಕ ಅದನ್ನು ದೇವರ ಫೋಟೋದ ಪಕ್ಕ ತೂಗುಹಾಕಿದರು. ರೇಣುಕಾಳ ಕೆಲಸ ಉಳಿಯಿತು, ನನ್ನದೂ ಉಳಿಯಿತು.

ಸಭೆಯಲ್ಲಿ ಅಮ್ಮಂದಿರ ಅಭಿಪ್ರಾಯ ಒಂದೇ. “ಮುಡಿ ಕೊಟ್ಟದ್ದು ಫಲ ಕೊಡ್ತು ನೋಡ್ರಿ ಅಕ್ಕಾ.” ನಾನು ಪ್ರತಿಭಟಿಸಲು ಎದ್ದೆ. ಮುಡಿ ಕೊಟ್ಟಿದ್ದಕ್ಕೆ ಎಂಟು ಮುಖ ಹೋಯಿತು, ಮುಖ ಹೋದದ್ದಕ್ಕೆ ವಿಗ್ ಬಂತು, ವಿಗ್ ಬಂದದ್ದಕ್ಕೆ ಮಂಜು ಸಿಕ್ಕಿಬಿದ್ದರು, ಸಿಕ್ಕಿಬಿದ್ದದ್ದಕ್ಕೆ ಮೇಡಂ ಕೂತು ಎಣಿಸಿದರು, ಎಣಿಸಿದ್ದಕ್ಕೆ ಅನುದಾನ ಬಂತು. ಬೋರ್ಡಿನ ಮೇಲೆ ಇಷ್ಟೂ ಬರೆದು ನೋಡಿದೆ. ಅವರು ಹೇಳುವುದೇ ಸರಿ ಇತ್ತು. ಒರೆಸಿ ಕೂತೆ.

ಈಗ ಕೇಂದ್ರದಲ್ಲಿ ನನಗೆ ಜವಾಬ್ದಾರಿಯುತವಾದ ಬೇರೆ ಕೆಲಸ ಕೊಟ್ಟಿದ್ದಾರೆ. ಕೆಲಸಕ್ಕೆ ಹೋಗುವ ಮುನ್ನ ಉಪ್ಪಿಟ್ಟಿಗೆ ತಟ್ಟೆ ಎಣಿಸಿ ಇಡುವುದು. ನಿನ್ನೆ ಇಪ್ಪತ್ತನಾಲ್ಕು ಮಕ್ಕಳಿದ್ದರು. ಇಪ್ಪತ್ತಮೂರು ತಟ್ಟೆ ಇಟ್ಟಿದ್ದೆ.

ಎರಡು ಸಲ ಎಣಿಸಿದ್ದೆ.